ಐದನೆಯ ಗೂಡಿನ ಚುಕ್ಕಿ

"ಇದು ಇಲ್ಲೇ ಐತಿ, ಹಂಗಾರ ನಂದೆಲ್ಲಿ ಹೋತು?"

ಮಹಾದೇವಪ್ಪ ಗೌಡರು ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡೇ ಕೇಳಿದರು, ಯಾರ ಕಡೆಗೂ ನೋಡದೆ. ಸುರಪುರದ ಅವರ ಪಡಸಾಲೆಗೆ ಆಗಷ್ಟೇ ಬಂದಿದ್ದ ನಾನೂ ಜಹೀರುನ್ನೀಸಾ ಅಕ್ಕೋರೂ ಹೊಸ್ತಿಲಲ್ಲೇ ನಿಂತೆವು.

ಅಕ್ಕೋರು ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವರು. ನಿವೃತ್ತಿಯಾದ ಮೇಲೆ ಊರಿನ ಬಿಡಿಸಲಾಗದ ತಂಟೆಗಳೆಲ್ಲ ಅವರ ಮನೆಗೇ ಬರುತ್ತಿದ್ದವು. ನಾನು, ಸೂಗಪ್ಪ, ಅವರ ನೆರೆಯವನು. ಮಠದಲ್ಲಿ ವಚನ ಕೇಳುತ್ತ ಬೆಳೆದದ್ದರಿಂದ ಸುಮ್ಮನೆ ಕೂತು ಕೇಳುವುದೊಂದೇ ನನಗೆ ಬರುತ್ತಿದ್ದ ವಿದ್ಯೆ. ನಾರಾಯಣಪುರದ ಕಾಲುವೆಗೆ ನೀರು ಬಿಟ್ಟ ಮರುವರ್ಷ ಅದು.

ಬೆಳಿಗ್ಗೆ ಚಮನಬೀ ಅಳುತ್ತ ಬಂದಿದ್ದಳು. ಸ್ಟೋ, ಬೀಗ ರಿಪೇರಿ ಮಾಡುವ ಅವಳ ಗಂಡ ಹಸನಸಾಬನನ್ನು ಗೌಡರು ನಡುಬಜಾರದಲ್ಲಿ ಕಳ್ಳ ಎಂದಿದ್ದರು. ಸಂಜೆ ಫೌಜದಾರರು ಬಂದು ಅವನನ್ನು ಒಯ್ಯುವವರಿದ್ದರು.

ಗೌಡರ ಮುತ್ತಜ್ಜನ ಕಾಲದ ಬಂದೂಕು ಅದು. ಒಂದೊಂದು ಗುಂಡು ಹಾರಿಸಿದ ಮೇಲೂ, ಗುಂಡು ತುಂಬುವ ಐದು ಗೂಡಿನ ಉರುಳೆಯನ್ನು ಕೈಯಿಂದಲೇ ತಿರುಗಿಸಬೇಕು. ಮಾಡಿದವನ ಹೆಸರು ಅದರ ಮೇಲೆಲ್ಲೂ ಇಲ್ಲ.

"ಆಯುಧ ಪೂಜಿಗೆ ಎಣ್ಣಿ ಹಚ್ಚಾಕ ಹಸನಸಾಬಗ ಕೊಟ್ಟಿದ್ದೆ, ಅಕ್ಕೋರ. ಎರಡು ದಿನ ಅವನ ಅಂಗಡ್ಯಾಗಿತ್ತು. ಕಣ್ಣು ಮಂಜಾಗ್ಯಾವು, ಆದ್ರ ಕೈಗೆ ತೂಕ ಗೊತ್ತಾಗತೈತಿ. ಇದು ನಕಲಿ."

"ಅಂಗಡಿಯಿಂದ ತಂದಾವ್ರು ಯಾರ್ರಿ?" ಎಂದರು ಅಕ್ಕೋರು.

"ನಾನರಿ," ಎಂದ ಗೌಡರ ತಂಗಿಯ ಮಗ ಮರಿಲಿಂಗಪ್ಪ. ಕಾಲುವೆ ಆಫೀಸಿನಲ್ಲಿ ನಕ್ಷೆ ಬರೆಯುವವನು. "ಸ್ಟೋಕ್ಕ ಪಿನ್ನು ಹಾಕಾಂವಗ ಬಂದೂಕ ಕೊಟ್ರ ಮತ್ತೇನಾಗತೈತಿ, ಮಾಮಾ?"

ಕಂಬದ ಬಳಿ ಕೂತಿದ್ದ ಹಸನಸಾಬ ತಲೆ ಎತ್ತಲಿಲ್ಲ.

ಅಕ್ಕೋರು ಉರುಳೆಯನ್ನು ಮೆಲ್ಲಗೆ ತಿರುಗಿಸಿದರು. ಪ್ರತಿ ಗೂಡಿನ ಮೇಲೂ ಒಂದೊಂದು ಉರ್ದು ಅಂಕಿ. ಐದನೆಯದರ ಮೇಲೆ ಮಾತ್ರ ಬರೀ ಒಂದು ಚುಕ್ಕಿ. ಅದನ್ನು ನಾನೂ ನೋಡಿದೆ, ಸವೆದಿರಬೇಕು ಅಂದುಕೊಂಡೆ.

ಆಮೇಲೆ ಲೈಸೆನ್ಸಿನ ಹಳೆಯ ಕಡತ ತರಿಸಿದರು. ಅಸಲಿ ಉರುಳೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು ಅದರಲ್ಲಿತ್ತು. ಎಲ್ಲರನ್ನೂ ಹತ್ತಿರ ಕೂರಿಸಿಕೊಂಡರು.

"ಮರಿಲಿಂಗಪ್ಪ, ನಿನ್ನ ಕಣ್ಣು ಚುರುಕು. ಇದನ್ನ ಓದಪಾ."

"ಓದಾಕೇನೈತ್ರಿ, ಮನ್ಯಾಗಿನ ಬಂದೂಕ. ಒಂದು, ಎರಡು, ಮೂರು, ನಾಕು, ಕಡೀಕ ಸೊನ್ನಿ."

ಹಸನಸಾಬ ಥಟ್ಟನೆ ತಲೆ ಎತ್ತಿದ. "ಸೊನ್ನಿ ಎಲ್ಲೈತೋ ಮಾರಾಯ? ಅದು ಪಾಂಚ್!"

"ಹೌದಲ್ಲ, ಐದು," ಎಂದರು ಗೌಡರು, ಕಾಗದವನ್ನು ಮೂಗಿಗೆ ಹತ್ತಿರ ಹಿಡಿದು. ಅವರೂ ನಿಜಾಮರ ಕಾಲದಲ್ಲಿ ಉರ್ದು ಸಾಲಿಗೆ ಹೋದವರೇ.

"ಇಲ್ಲೇ ಐತಿ ನೋಡ್ರಿ ಗಂಟು," ಎಂದರು ಅಕ್ಕೋರು. "ಉರ್ದು ಐದು ಹೆಚ್ಚೂಕಡಿಮಿ ಗುಂಡಗಿರತೈತಿ, ಸವೆದ್ರ ಕನ್ನಡದ ಸೊನ್ನಿ ಹಂಗs ಕಾಣತೈತಿ. ಉರ್ದು ಸೊನ್ನಿ ಅಂದ್ರ ಬರೀ ಚುಕ್ಕಿ. ಉರ್ದು ಬಾರದಾಂವ ಒಬ್ಬಾಂವ ಗುಂಡಗಿದ್ದದ್ದನ್ನ ಸೊನ್ನಿ ಅಂತ ತಿಳಕೊಂಡ. ನಕ್ಷಿದಾಗ ಒಂದು, ಎರಡು, ಮೂರು, ನಾಕು, ಸೊನ್ನಿ ಅಂತ ಕನ್ನಡದಾಗ ಬರದು, ಉರ್ದುದಾಗ ಕೊರೀರಿ ಅಂದ. ಕೊರಿಯಾಂವ ಹೇಳಿದಂಗ ಚುಕ್ಕಿ ಇಟ್ಟ. ಹಸನಸಾಬ ಮಾಡಿದ್ರ ಐದs ಇರತಿತ್ತು. ಬಂದೂಕ ಮುಟ್ಟಿದಾವ್ರು ಮೂರೇ ಮಂದಿ. ಅವರಾಗ ಕನ್ನಡ ಸಾಲಿ ಅಷ್ಟೇ ಕಲ್ತಾಂವ, ನಕ್ಷಿ ಬರಿಯಾಂವ, ಅಂಗಡಿಯಿಂದ ಹೊತ್ತು ತಂದಾಂವ ಒಬ್ಬನೇ. ದಾರ್‍ಯಾಗ ಅದಲಬದಲ ಆಗೈತಿ."

ಮರಿಲಿಂಗಪ್ಪ ಗೌಡರ ಕಡೆ ತಿರುಗಿದ. "ಹೈದರಾಬಾದಿನ ಒಬ್ಬಾಂವ ಭಾಳ ಆಸಿ ಹಚ್ಚಿದ, ಮಾಮಾ. ನಕಲೀನೂ ಅವನೇ ಮಾಡಿಸಿಕೊಟ್ಟ. ಅಸಲಿ ಇನ್ನೂ ನನ್ನ ಕ್ವಾರ್ಟರ್ಸದಾಗೈತಿ."

ಮೂರು ಗಂಟೆಗೆ ನಾರಾಯಣಪುರದ ಆ ಕ್ವಾರ್ಟರ್ಸಿನಿಂದ ಅಸಲಿ ಬಂದೂಕು ಹೊತ್ತ ಜೀಪು ಬಂತು. ಗೌಡರು ಬಂದೂಕನ್ನು ಎರಡೂ ಕೈಯಲ್ಲಿ ತೂಗಿ ನೋಡಿ, ಹಸನಸಾಬನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಚಹಾ ತರಿಸಿದರು.

"ತಪ್ಪಾತು ಹಸನಸಾಬ. ಫೌಜದಾರರಿಗೆ ಈಗಲೇ ಹೇಳಿ ಕಳಸ್ತೀನಿ. ಆದ್ರ ಹುಡುಗನ ನೌಕರಿ ಐತಿ, ಮನಿ ಮರ್ಯಾದಿ ಐತಿ. ಈ ಮಾತು ಈ ಪಡಸಾಲ್ಯಾಗೇ ಮುಗೀಲಿ. ಇಷ್ಟು ನಡಿಸಿಕೊಡು."

ಹಸನಸಾಬ ಚಹಾ ಕುಡಿದು ಮುಗಿಸಿದ. ಕಪ್ಪು-ಬಸಿಯನ್ನು ಕೆಳಗಿಟ್ಟು, ಆ ದಿನ ಮೊದಲ ಸಲ ಬೆನ್ನು ನೆಟ್ಟಗೆ ಮಾಡಿ ಕೂತ.

"ಆಗಂಗಿಲ್ರಿ, ಗೌಡ್ರ. ಕಳ್ಳ ಅಂದದ್ದು ನಡುಬಜಾರದಾಗ. ಅಲ್ಲ ಅನ್ನೂದೂ ಅಲ್ಲೇ ಬಂದು ಅನ್ರಿ."