ಕ್ಯಾಪಿಟಲ್ ಎ

ಪ್ರೇರಣಾ ಹತ್ತಿರ ಬರುತ್ತಿದ್ದಂತೆ ಬಸು ಲ್ಯಾಪ್‌ಟಾಪ್ ಮುಚ್ಚಿದ. ಈ ವಾರದಲ್ಲಿ ಇದು ಮೂರನೆಯ ಸಲ.

"ಊಟಕ್ಕೆ ಬರಲ್ವಾ?"

"ಹಸಿವಿಲ್ಲರಿ. ನೀವು ಹೋಗ್ರಿ."

ಅವನು ಅವಳ ಮುಖ ನೋಡಲಿಲ್ಲ. ಕಿವಿ ಮಾತ್ರ ಕೆಂಪಾಯಿತು. ಕಳೆದ ತಿಂಗಳಾಗಿದ್ದರೆ ಆ ಕೆಂಪು ಅವಳಿಗೆ ಇಷ್ಟವಾಗುತ್ತಿತ್ತು. ಈಗ ಅನುಮಾನ ಹುಟ್ಟಿಸಿತು.

ದೂರದ ಬಂಗಾಳದ ಕಸ್ಬಾದಲ್ಲಿ, ಮನೆಮನೆಗೆ ಔಷಧಿ ತಲುಪಿಸುವ ಆ ಸಣ್ಣ ಕಂಪನಿಯಲ್ಲಿ ಕನ್ನಡದವರು ಅವರಿಬ್ಬರೇ. ಅವಳು ಮೈಸೂರಿನವಳು, ಅವನು ಧಾರವಾಡದ ಬಸವರಾಜ. ಬಸು ಎಂಬ ಹೆಸರು ಕೇಳಿ, ಬಂಗಾಳಿ ಮನೆತನದವನೆಂದುಕೊಂಡು ಎಲ್ಲರೂ ಅವನೊಡನೆ ಬಂಗಾಳಿಯಲ್ಲೇ ಮಾತಿಗಿಳಿಯುತ್ತಿದ್ದರು. ಅವನು ಕಂಗಾಲಾಗಿ ಅವಳತ್ತ ನೋಡುತ್ತಿದ್ದ. ಆ ನೋಟಕ್ಕಾಗಿಯೇ ಅವಳು ಬೇಕೆಂದೇ ತಡವಾಗಿ ನೆರವಿಗೆ ಹೋಗುತ್ತಿದ್ದಳು.

ಸೋಮವಾರ ಗರಿಯಾಹಾಟಿನ ಅಜ್ಜಿಯೊಬ್ಬರಿಗೆ, ಅವರ ಮೈಗೆ ಆಗದ ಔಷಧಿಯೇ ಪ್ಯಾಕ್ ಆಗಿತ್ತು. ಕೊನೆ ಗಳಿಗೆಯಲ್ಲಿ ಫಾರ್ಮಸಿಸ್ಟ್ ತಡೆದರು. ಅಜ್ಜಿ ಅಲರ್ಜಿ ಬರೆಸಿದ್ದರೂ ಸ್ಕ್ರೀನಿನಲ್ಲಿ ಆ ಜಾಗ ಖಾಲಿ. ಡೇಟಾಬೇಸಿನಲ್ಲಿ ಯಾರು ಕೈಯಾಡಿಸಿದ್ದಾರೆ ನೋಡೆಂದು ಮ್ಯಾನೇಜರ್ ನೇಹಾ ಪ್ರೇರಣಾಗೆ ಗುಟ್ಟಾಗಿ ಹೇಳಿದ್ದರು. ಯಾರು ಯಾವಾಗ ಏನು ತಿದ್ದಿದರೆಂದು ದಾಖಲಾಗುವ ಲಾಗ್ ತೆರೆದರೆ, ಒಂದು ವಾರದಿಂದ ದಿನವೂ ಊಟದ ಹೊತ್ತಿಗೆ ಒಂದೇ ಹೆಸರು. ಬಸು.

ಅವಳು ಊಟಕ್ಕೆ ಹೋಗಲಿಲ್ಲ. ಕುರ್ಚಿ ಎಳೆದು ಅವನೆದುರು ಕೂತಳು.

"ಕಸ್ಟಮರ್ ಟೇಬಲ್‌ನಲ್ಲಿ ಏನ್ ಬದಲಾಯಿಸ್ತಾ ಇದೀರಾ? ಲಾಗ್ ನೋಡಿದೆ."

"ನನ್ನ ಮ್ಯಾಲೆ ಡೌಟ್ ಬಂತೇನ್ರಿ?"

"ಬಂತು."

ಅವನು ನಿಟ್ಟುಸಿರಿಟ್ಟು ಲ್ಯಾಪ್‌ಟಾಪ್ ತೆರೆದು ಅವಳತ್ತ ತಿರುಗಿಸಿದ.

ಹೆಸರು, ಫೋನ್, ವಿಳಾಸಕ್ಕೆ ಟೇಬಲಿನಲ್ಲಿ ಬೇರೆ ಬೇರೆ ಕಾಲಮ್ಮುಗಳಿದ್ದವು. ಅಲರ್ಜಿ, ಡಾಕ್ಟರ ಸೂಚನೆ ಮೊದಲಾದವೆಲ್ಲ ಏನು ಬೇಕಾದರೂ ತುಂಬಬಹುದಾದ ಒಂದೇ ಜೇಸನ್ ಕಾಲಮ್ಮಿನೊಳಗೆ. ಅಲ್ಲಿ ಅಲರ್ಜಿ ಎಂಬ ಇಂಗ್ಲಿಷ್ ಪದ ಬಹಳ ಜನರಿಗೆ ಸ್ಮಾಲ್ ಎ ಇಂದ ಶುರುವಾಗಿತ್ತು, ಮುನ್ನೂರು ಜನರಿಗೆ ಕ್ಯಾಪಿಟಲ್ ಎ ಇಂದ. ಡೇಟಾಬೇಸಿಗೆ ಅವೆರಡೂ ಬೇರೆ. ಸ್ಮಾಲ್ ಎ ಇಟ್ಟು ಹುಡುಕಿದರೆ ಆ ಮುನ್ನೂರು ಜನರದು ಸಿಗದು, ಎರರ್ ಕೂಡ ಬರುವುದಿಲ್ಲ. ಸುಮ್ಮನೆ ಖಾಲಿ ಬರುತ್ತದೆ.

"ಇದನ್ನ ತುಂಬಿದ ಸ್ಕ್ರಿಪ್ಟ್ ಯಾರದು?"

ಅವಳೇ ಹುಡುಕಿದಳು. ಆ ಪುಟ್ಟ ಪ್ರೋಗ್ರಾಮಿನ ಮೇಲೆ ಎರಡು ವರ್ಷ ಹಿಂದಿನ ದಿನಾಂಕ. ಪಕ್ಕದಲ್ಲಿ ಅವಳದೇ ಹೆಸರು.

"ಒಮ್ಮೆಲೆ ಬದಲಿ ಮಾಡಾಕ ಬರಂಗಿಲ್ರಿ," ಬಸು ಮೆಲ್ಲಗೆ ಹೇಳಿದ. "ಕೆಲವರಿಗೆ ಎರಡೂ ಅದಾವ, ಒಳಗ ಬ್ಯಾರೆ ಬ್ಯಾರೆ ಔಷಧಿ ಹೆಸರು. ಪ್ರಿಸ್ಕ್ರಿಪ್ಶನ್ ನೋಡಿ ಒಂದೊಂದಾಗಿ ತಿದ್ದಾಕತ್ತೀನಿ. ಇನ್ನ ನಲವತ್ತು ಉಳದಾವ. ನಿಮಗ ಗೊತ್ತಾಗೋದರಾಗ ಮುಗಸಬೇಕಂತ ಮಾಡಿದ್ದೆ."

ಅವಳ ಮನಸ್ಸು ಕರಗಬೇಕಿತ್ತು. ಬದಲಿಗೆ ಹೆದರಿಕೆಯಾಯಿತು.

"ಆ ನಲವತ್ತು ಜನಕ್ಕೆ ಇವತ್ತೇ ಔಷಧಿ ಹೋದ್ರೆ? ನನ್ನ ಮರ್ಯಾದೆ ಉಳಿಸೋಕೆ ಅವರ ಜೀವದ ಜೊತೆ ಆಟನಾ?"

ಅವನ ಮುಖ ಇಳಿದುಹೋಯಿತು. "ತಪ್ಪಾತರಿ. ಅಷ್ಟು ವಿಚಾರ ಮಾಡಲಿಲ್ಲ."

ಅವಳು ಎದ್ದು ನೇಹಾ ಕ್ಯಾಬಿನ್ನಿಗೆ ಹೋಗಿ ಸ್ಕ್ರಿಪ್ಟ್ ತನ್ನದೆಂದು ಹೇಳಿದಳು. ಹಿಂದೆಯೇ ಬಂದ ಬಸು, ಮುಚ್ಚಿಟ್ಟವನು ತಾನೆಂದ. ಇಬ್ಬರೂ ಚೆನ್ನಾಗಿ ಬೈಸಿಕೊಂಡರು. ಆ ನಲವತ್ತು ಜನರ ಆರ್ಡರುಗಳನ್ನು ನಿಲ್ಲಿಸಿ, ಸಂಜೆಯವರೆಗೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಕೇಳಿ, ತಿದ್ದಿದರು.

ಕೊನೆಯ ಕರೆ ಮುಗಿದಾಗ ಕೆಳಗೆ ರಸ್ತೆ ತುಂಬ ಆಟೋಗಳ ಹಾರ್ನ್.

"ಇನ್ಮೇಲೆ ನನ್ನಿಂದ ಏನೂ ಮುಚ್ಚಿಡಬೇಡಿ," ಎಂದಳು ಪ್ರೇರಣಾ.

"ಇನ್ನೊಂದು ಐತ್ರಿ." ಬಸು ಕಿಟಕಿಯತ್ತ ತಿರುಗಿದ. "ನೀವಂದ್ರ ನನಗ ಭಾಳ ಜೀವ."

"ಯಾವಾಗಿಂದ?"

"ಹೋದ ಪೂಜಾ ಹಬ್ಬದಾಗ. ಸೀರಿ ಅಂಗಡ್ಯಾವನ್ನ ನೀವು ಕನ್ನಡದಾಗ ಬೈದ್ರಲ್ಲ, ಅವತ್ತಿಂದ."

"ಸುಳ್ಳು."

"ಖರೇನರಿ!"

ಅವಳಿಗೆ ಇನ್ನೂ ಪೂರ್ತಿ ನಂಬಿಕೆ ಬರಲಿಲ್ಲ. ಎದ್ದು ಹೋಗಿ ಅವನಿಗೂ ಕಿಟಕಿಗೂ ನಡುವೆ ನಿಂತಳು.

"ಇನ್ನೊಂದ್ಸಲ ಹೇಳಿ," ಎಂದಳು. "ಈಗ ನನ್ನ ನೋಡ್ಕೊಂಡು."