ಬಿಗಿ ಮುಚ್ಚಳ

"ಡಬ್ಬಿ ಕೆಳಗಿಡಿ ಅತ್ತೆ," ಎಂದು ಸೊಸೆ ಅತ್ತೆಯ ಮಣಿಕಟ್ಟನ್ನೇ ಹಿಡಿದುಬಿಟ್ಟಳು. ಮದುವೆಯಾಗಿ ಬಂದಾಗಿನಿಂದ ಒಂದು ಎದುರುತ್ತರವನ್ನೂ ಕೊಡದವಳು! ಗದ್ದಲ ಕೇಳಿ ಗಂಡ ಅಡುಗೆಮನೆಯ ಬಾಗಿಲಿಗೆ ಬಂದ.

ಡಬ್ಬಿಯಲ್ಲಿದ್ದದ್ದು ಬಣ್ಣದ ಗುಂಡಿಗಳು, ಸೊಸೆಯ ಹೊಲಿಗೆ ಕೆಲಸದಲ್ಲಿ ಉಳಿದವು. ಪಕ್ಕದಲ್ಲೇ ನಿಂತಿದ್ದ ಮಗಳು ಪುಟ್ಟಿಗೆ ಅವೆಂದರೆ ಪ್ರಾಣ. ಆಟಿಸಂ ಇರುವ ಪುಟ್ಟಿ ಹೇಳಿಕೊಟ್ಟ ಮಾತನ್ನು ಹೇಳುತ್ತಿದ್ದಳೇ ಹೊರತು, ಹನ್ನೊಂದು ತುಂಬಿದರೂ ತಾನಾಗಿ ಯಾರನ್ನೂ ಏನೂ ಕೇಳಿದವಳಲ್ಲ. "ಕೇಳೋದೊಂದು ಬಂದ್ರೆ ಅದರ ಬೆನ್ನಿಗೆ ಎಷ್ಟೋ ಬರುತ್ತೆ. ಇಷ್ಟವಾದದ್ದು ಕಣ್ಣಿಗೆ ಕಾಣಲಿ, ಮುಚ್ಚಳ ಬಿಗಿಯಾಗಿರಲಿ. ಅವಳಾಗಿ ಕೇಳೋವರೆಗೂ ನೀವು ಕಾಯಿರಿ," ಎಂದಿದ್ದರು ಪುಟ್ಟಿಗೆ ತರಬೇತಿ ಕೊಡುವ ಟೀಚರ್. ಸೊಸೆ ಹಲ್ಲುಕಚ್ಚಿ ಕಾಯುತ್ತಿದ್ದಳು. ಅವಳು ಬೆನ್ನು ತಿರುಗಿಸಿದರೆ ಸಾಕು, ಅತ್ತೆ ಮುಚ್ಚಳ ತೆಗೆದುಕೊಡುತ್ತಿದ್ದರು. ಮೊಮ್ಮಗಳ ಮುಖ ಬಾಡುವ ಮೊದಲೇ ನೀರು, ತಿಂಡಿ, ಹೊದಿಕೆ ಎಲ್ಲ ಕೈಗೆ. ನೆರೆಹೊರೆಯೆಲ್ಲ ಮೆಚ್ಚುವ ಅಜ್ಜಿ! ಆ ಮೆಚ್ಚುಗೆಗೆ ಬೆಂಕಿ ಬೀಳಲಿ.

"ಹೆತ್ತವಳಾ ನೀನು? ಮಗೂನ ಹೀಗೆ ಗೋಳು ಹೊಯ್ಕೋತೀಯಲ್ಲ," ಅತ್ತೆ ಸಿಡಿದರು.

"ಅಮ್ಮ ಹೇಳೋದ್ರಲ್ಲಿ ತಪ್ಪೇನು..." ಗಂಡ ಬಾಯಿ ಹಾಕಿದ.

"ನೀವು ಸುಮ್ನಿರಿ," ಎಂದು ಗಂಡನನ್ನು ತಡೆದು ಸೊಸೆ ಅತ್ತೆಯತ್ತ ತಿರುಗಿದಳು. "ನಿನ್ನೆ ಬಚ್ಚಲುಮನೆ ಚಿಲಕ ಸಿಕ್ಕಿಕೊಂಡಾಗ ಇವಳು ಒಳಗೆ. ನೀರಲ್ಲಿ ಆಡ್ತಿದಾಳೆ ಅಂದ್ಕೊಂಡು ನೀವು ಹಾಲ್‌ನಲ್ಲಿ ಬಟ್ಟೆ ಮಡಚ್ತಿದ್ರಿ, ಅತ್ತೆ. ಒಂದು ಸಲ ಕೂಗಿದಳಾ? ನಾನು ಬರೋವರೆಗೂ ಉಗುರಲ್ಲಿ ರಕ್ತ ಬರೋ ಹಾಗೆ ಬಾಗಿಲು ಕೆರೀತಿದ್ದಳು. ಯಾಕೆ ಕೂಗ್ತಾಳೆ? ಹುಟ್ಟಿದಾಗಿಂದ ಇವಳು ಕೇಳೋ ಮೊದಲೇ ಎಲ್ಲ ತೆರೆದಿದೀರಿ. ನೀವು ಹೋದಮೇಲೆ, ನಾನು ಹೋದಮೇಲೆ... ಯಾರು ತೆಗೀತಾರೆ?"

ಅತ್ತೆ ಪುಟ್ಟಿಯ ಬೆರಳಿನ ಬ್ಯಾಂಡೇಜು ನೋಡುತ್ತ ನೆಲದ ಮೇಲೆ ಕೂತರು. ಪುಟ್ಟಿ ಅವರ ಕೈಯಿಂದ ಡಬ್ಬಿ ಕಿತ್ತುಕೊಂಡು ಮುಚ್ಚಳದ ಜೊತೆ ಗುದ್ದಾಡಿದಳು, ಅತ್ತಳು, ನೆಲ ಒದ್ದಳು. ಅತ್ತೆಯ ಕೈ ಅಭ್ಯಾಸದಂತೆ ಮುಂದೆ ಹೋಯಿತು. ಈ ಸಲ ಅದನ್ನು ಅವರೇ ಎಳೆದು ಮಡಿಲಲ್ಲಿ ಅದುಮಿಟ್ಟುಕೊಂಡರು. ಮೊಮ್ಮಗಳ ಜೊತೆ ಅವರೂ ಅಳುತ್ತಿದ್ದರು. ಸೊಸೆ ಕದಲಲಿಲ್ಲ.

ಬಹಳ ಹೊತ್ತಿನ ಮೇಲೆ ಪುಟ್ಟಿ ಡಬ್ಬಿಯನ್ನು ತಂದು ಅಜ್ಜಿಯ ತೊಡೆಯ ಮೇಲಿಟ್ಟಳು.

"ಅಜ್ಜಿ... ತೆಗಿ."

ಇಷ್ಟು ದಿನ ಹಲ್ಲುಕಚ್ಚಿ ಕಾದವಳು ತಾಯಿ. ಮಗಳು ಕೇಳಿದ್ದು ಅಜ್ಜಿಯನ್ನು! ಉಕ್ಕಿದ ಸಿಟ್ಟನ್ನು ಹಾಗೇ ನುಂಗಿಕೊಂಡು ಸೊಸೆ ಎಂದಳು:

"ತಡ ಮಾಡಬೇಡಿ ಅತ್ತೆ. ಕೇಳಿದಾಳೆ, ತೆಗೆದುಕೊಡಿ."