ಜೌಗಿನ ಡಬ್ಬಿಯೊಳಗಿನ ಕೈ

“ಡಬ್ಬಿ ಹುಡುಕಿ, ತೆಗೆದು ನೋಡಿ, ಮುಚ್ಚಿಟ್ಟು ಬನ್ನಿ. ಒಳಗಿರೋ ಕೈ ಮಾತ್ರ ತಗೋಬೇಡಿ.”

ಜೌಗು ವನದ ಗೇಟಿನಲ್ಲಿ ರಬ್ಬರ್ ಬೂಟು ಬಾಡಿಗೆಗೆ ಕೊಡುವ ಹೆಂಗಸು ಹೀಗೆಂದಾಗ, ಡಬ್ಬಿ ಹುಡುಕಲು ಬಂದಿದ್ದ ಯುವತಿಗೆ ನಗು ತಡೆಯಲಾಗಲಿಲ್ಲ.

“ಯಾರ ಕೈ? ನಿಮ್ಮದಾ?”

ಎಲ್ಲರೂ ಬೂಟಮ್ಮ ಎಂದು ಕರೆಯುವ ಆ ಹೆಂಗಸು ನಗಲಿಲ್ಲ. ಎಡಗೈಯಿಂದಲೇ ಬೂಟುಗಳನ್ನು ಒಂದೊಂದಾಗಿ ಎತ್ತಿ ಕಟ್ಟೆಯ ಮೇಲಿಟ್ಟಳು. ಬಲಗೈ ಕೋಟಿನ ಜೇಬಿನಲ್ಲೇ ಇತ್ತು.

“ಮೇಣದ್ದು. ಯಾರೋ ಮಾಟ ಮಾಡಿ ಇಟ್ಟಿದ್ದು. ಬೇಡ ಅಂದ್ರೆ ಬೇಡ, ಅಷ್ಟೇ.”

“ನಾನು ದಿನಾ ಜನರ ಒಳಗೇ ಇಣುಕಿ ನೋಡೋಳು ಕಣಮ್ಮಾ. ಅಲ್ಲಿ ಮೂಳೆ ಬಿಟ್ರೆ ಮಾಟಾನೂ ಇಲ್ಲ, ಮಣ್ಣೂ ಇಲ್ಲ.”

ಅವಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಕೆಲಸಕ್ಕೆಂದು ಈ ಊರಿಗೆ ಬಂದು ಅಕ್ಕನ ಮನೆಯಲ್ಲಿ ಉಳಿದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಅಕ್ಕ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ತಂಗಿಯನ್ನು ಸಾಕಿ ಓದಿಸಿದ್ದು ಆ ಯಂತ್ರ ಓಡಿಸುವ ಅಕ್ಕನ ಬಲಗೈ. ರಜೆಯ ದಿನ ಮನೆಯಲ್ಲಿ ಕೂತು ಬೇಸರವೆಂದು ತಂಗಿ ಹೊಸ ಆಟವೊಂದನ್ನು ಹಿಡಿದಿದ್ದಳು: ಜಿಯೋಕ್ಯಾಶಿಂಗ್. ಯಾರೋ ಎಲ್ಲೋ ಬಚ್ಚಿಟ್ಟ ಡಬ್ಬಿಯನ್ನು ಫೋನಿನ ಬಾಣ ತೋರಿಸಿದ ಕಡೆ ಹೋಗಿ ಹುಡುಕುವುದು. ಆಟಕ್ಕೆ ಒಂದೇ ಕಟ್ಟುಪಾಡು. ಡಬ್ಬಿಯಿಂದ ಒಂದು ತೆಗೆದರೆ, ಒಂದು ಇಡಬೇಕು.

ಒಳಗೆ ಹೋದಂತೆ ದಾರಿ ಮೆತ್ತಗಾಯಿತು. ಆಳೆತ್ತರದ ಜೊಂಡು ಎರಡೂ ಕಡೆಯಿಂದ ಬಾಗಿ ಬೆಳಕನ್ನು ತಡೆಯಿತು. ಕೊಳೆತ ಬೇರಿನ ವಾಸನೆ ಗಂಟಲಿಗೇ ಬಂದು ಕೂತಿತು. ಪ್ರತಿ ಹೆಜ್ಜೆಗೂ ಕೆಸರು ಬೂಟನ್ನು ಹಿಡಿದು, ಚಪ್ಪರಿಸಿ, ಮನಸ್ಸಿಲ್ಲದೆ ಬಿಡುತ್ತಿತ್ತು. ಫೋನಿನ ಬಾಣ ಸತ್ತ ಮರವೊಂದರ ಬುಡದಲ್ಲಿ ಗಿರ್ರನೆ ಸುತ್ತಿ ನಿಂತಿತು.

ಬೇರುಗಳ ನಡುವೆ ತಗಡಿನ ಡಬ್ಬಿ. ಒಳಗೆ ಬಲಗೈ ಒಂದು, ಮಣಿಕಟ್ಟಿನವರೆಗೆ. ಹಳದಿ ಮೇಣ. ಅಂಗೈಯ ಗೆರೆಗಳು, ಉಗುರಿನ ಸಂದಿಯ ಕೆಸರು ಕೂಡ ತಪ್ಪದೆ ಮೂಡಿದ್ದವು. ಎಷ್ಟು ಚೆನ್ನಾಗಿ ಮಾಡಿದ್ದಾರೆ ಅನ್ನಿಸಿತು. ಎಕ್ಸ್‌ರೇ ಕೋಣೆಯ ಮೇಜಿನ ಮೇಲಿಟ್ಟರೆ ಡಾಕ್ಟರರೇ ಬೆಚ್ಚಿಬೀಳಬೇಕು.

ಬದಲಿಗೆ ಇಡಲೆಂದು ಎತ್ತಿಟ್ಟಿದ್ದ ಕೀಚೈನು ಮನೆಯಲ್ಲೇ ಉಳಿದಿತ್ತು. ಅವಳು ಮೇಣದ ಕೈಯನ್ನು ಚೀಲಕ್ಕೆ ಹಾಕಿಕೊಂಡು, ತಲೆಯಿಂದ ಕ್ಲಿಪ್ಪು ಕಿತ್ತು ಡಬ್ಬಿಗೆ ಹಾಕಿದಳು. ಅದು ಬೆಳಿಗ್ಗೆ ಅವಸರದಲ್ಲಿ ಕನ್ನಡಿಯ ಮುಂದಿನಿಂದ ಎತ್ತಿಕೊಂಡ ಅಕ್ಕನ ಕ್ಲಿಪ್ಪು. ಅದರ ಹಲ್ಲಿನಲ್ಲಿ ಅಕ್ಕನ ಉದ್ದ ಕೂದಲೆರಡು ಸಿಕ್ಕಿಕೊಂಡಿದ್ದವು.

ಮುಚ್ಚಳ ಮುಚ್ಚಿದ್ದೇ ತಡ, ಅಲ್ಲಿಯವರೆಗೆ ವಟಗುಟ್ಟುತ್ತಿದ್ದ ಕಪ್ಪೆಗಳೆಲ್ಲ ಒಮ್ಮೆಲೇ ಸುಮ್ಮನಾದವು.

ಗೇಟಿನಲ್ಲಿ ಬೂಟಮ್ಮ ಬೂಟು ವಾಪಸು ತೆಗೆದುಕೊಂಡು ನಲ್ಲಿಯ ಕೆಳಗೆ ಹಿಡಿದಳು. ಎರಡೂ ಕೈಯಿಂದ ಗಸಗಸ ತಿಕ್ಕಿದಳು.

“ಏನೂ ತರಲಿಲ್ಲ ತಾನೇ?”

“ಇಲ್ಲಪ್ಪ.”

“ಸರಿ ಬಿಡಿ,” ಎಂದಳು ತಲೆಯೆತ್ತದೆ.

ಮನೆಗೆ ಬಂದು ಚೀಲ ತೆರೆದರೆ ಕೈ ಇರಲಿಲ್ಲ. ತಳದಲ್ಲಿ ಕಪ್ಪು ನೀರು, ಅದೇ ಕೊಳೆತ ನಾತ. ಅಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು.

“ಲೇ, ಇಲ್ಲಿ ಬಾರೇ. ನನ್ನ ಕೈ ಮರಗಟ್ಟಿದೆ ಕಣೇ. ಊರವರ ಕಾಲರೆಲ್ಲ ಹೊಲಿದು ಹೊಲಿದು ಇದೂ ರಜ ಕೇಳ್ತಿದೆಯೋ ಏನೋ.” ಅಕ್ಕ ನಗಲು ನೋಡಿದಳು. ಕೈ ಮುಟ್ಟಿದರೆ ಹಸಿ ಕೆಸರಿನಷ್ಟು ತಣ್ಣಗಿತ್ತು.

ಮರುದಿನ ಬೆಳಿಗ್ಗೆ ಅಕ್ಕನನ್ನು ಎಕ್ಸ್‌ರೇ ಕೋಣೆಗೆ ಕರೆದುಕೊಂಡು ಹೋದಳು. ಮೇಜಿನ ಮೇಲೆ ಕೈ ಇರಿಸಿ, ಗಾಜಿನ ಹಿಂದೆ ನಿಂತು ಗುಂಡಿ ಒತ್ತಿದಳು. ಪರದೆಯ ಮೇಲೆ ತೋಳಿನ ಎರಡು ಮೂಳೆ ಬೆಳ್ಳಗೆ ಬಂದವು. ಮಣಿಕಟ್ಟಿನಲ್ಲಿ ನಿಂತವು. ಮುಂದೆ ಮೂಳೆಯೇ ಇಲ್ಲ. ಎಳೆಯೆಳೆಯಾಗಿ ಜೊಂಡಿನ ಬೇರುಗಳು.

“ಅಲುಗಾಡಬೇಡ ಅಕ್ಕ, ಚಿತ್ರ ಕಲಸಿಹೋಗಿದೆ.”

“ನಾನೆಲ್ಲಿ ಅಲುಗಾಡ್ದೆ?”

ಇನ್ನೊಮ್ಮೆ ತೆಗೆದಳು. ಬೇರುಗಳು ಜಾಗ ಬದಲಿಸಿದ್ದವು. ಮಣಿಕಟ್ಟು ದಾಟಿ ಮೇಲಕ್ಕೆ ಏರುತ್ತಿದ್ದವು. ಮೇಜಿನಿಂದ ನೆಲಕ್ಕೆ ತೊಟ್ಟಿಕ್ಕಿದ ನೀರು ಕಪ್ಪಗಿತ್ತು.

ಅವಳು ಜೌಗಿಗೆ ಓಡಿದಳು. ಗೇಟಿನಲ್ಲಿ ಬೂಟಮ್ಮ ಗಂಟುಮೂಟೆ ಕಟ್ಟಿಟ್ಟು, ಎರಡೂ ಕೈಯೆತ್ತಿ ನಿಧಾನವಾಗಿ ಜಡೆ ಹೆಣೆದುಕೊಳ್ಳುತ್ತಿದ್ದಳು. ಆಗ ತಂಗಿಗೆ ಹೊಳೆಯಿತು.

“ಆ ಕೈ ನಿಮ್ಮದೇ!”

“ನೀವೇ ಕೇಳಿದ್ರಲ್ಲ, ನಿಮ್ಮದಾ ಅಂತ.”

“ನಮ್ಮಕ್ಕನ ಕೈ ಹೋಗ್ತಿದೆ! ಮತ್ತೆ ಬೇಡ ಅಂದ್ರಿ!”

“ಬೇಡ ಅನ್ನದಿದ್ರೆ ಮೇಣದ ತುಂಡು ಯಾರಿಗೆ ಬೇಕಮ್ಮ? ನನಗೂ ಒಬ್ಬರು ಬೇಡ ಅಂದಿದ್ರು.” ಬೂಟಮ್ಮ ಜಡೆಯ ತುದಿಗೆ ಗಂಟು ಹಾಕಿದಳು. “ನಿಮ್ಮಕ್ಕನ ಕೈ ಬೇಕಾದ್ರೆ ಹೋಗಿ ತಗೊಳ್ಳಿ. ಒಂದು ತೆಗೆದ್ರೆ ಒಂದು ಇಡಬೇಕು. ಹೋದ ಸಲ ಅಕ್ಕನ ಕೂದಲು ಇಟ್ರಿ, ಈ ಸಲ ನಿಮ್ಮದೇ ಇಡಿ.”

ಬೂಟಿಲ್ಲದೆ ಓಡಿದಳು. ಮಂಜು ಇಳಿದಿತ್ತು. ಜೊಂಡು ಮುಖಕ್ಕೆ ಬಡಿಯಿತು. ಚಪ್ಪಲಿ ಕೆಸರಿನಲ್ಲಿ ಹೋಯಿತು. ಹಿಂದೆ ಯಾರೋ ಅವಳದೇ ಹೆಜ್ಜೆಯಲ್ಲಿ ಹೆಜ್ಜೆಯಿಟ್ಟು ಬರುತ್ತಿದ್ದರು. ನಿಂತಳು. ನಿಂತರು. ಓಡಿದಳು. ಮರ. ಬೇರು. ಡಬ್ಬಿ.

ಕ್ಲಿಪ್ಪು ಇರಲಿಲ್ಲ. ಹೊಸ ಕೈಯೊಂದಿತ್ತು. ತೋರುಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳು. ಮುಟ್ಟಿದರೆ ಬೆಚ್ಚಗಿತ್ತು. ಜ್ವರದಲ್ಲಿ ತನ್ನ ಹಣೆ ಸವರುತ್ತಿದ್ದ ಬಿಸುಪು ಅದೇ.

ಎದೆಗವುಚಿಕೊಂಡಳು. ತಲೆಗೂದಲು ಹಿಡಿದು ಕಿತ್ತಳು. ಡಬ್ಬಿಗೆ ಹಾಕಿದಳು. ಒಳಗಿನಿಂದ ಏನೋ ಮಣಿಕಟ್ಟು ಹಿಡಿಯಿತು. ತಣ್ಣಗೆ. ಒದ್ದೆಯಾಗಿ. ಕೂಗಿದಳು. ಕಪ್ಪೆಗಳು ಸುಮ್ಮನಾದವು.

ಅಕ್ಕನ ಯಂತ್ರ ಈಗ ಮತ್ತೆ ಕಟಕಟನೆ ಓಡುತ್ತದೆ. ತಂಗಿಯ ಕೈಗೆ ಏನಾಯಿತೆಂದು ಅಕ್ಕ ಕೇಳಿ ಕೇಳಿ ಸೋತಿದ್ದಾಳೆ. ಒಂದೇ ಕೈಯವಳಿಗೆ ಎಕ್ಸ್‌ರೇ ಕೋಣೆಯಲ್ಲಿ ಕೆಲಸವಿಲ್ಲ. ಜೌಗಿನ ಗೇಟಿನಲ್ಲಿ ಜಾಗ ಖಾಲಿಯಿತ್ತು.

ಇವತ್ತು ಬಂದವನು ಊರಿಗೆ ಹೊಸಬ, ಮಾತುಗಾರ. ಕೈಯಲ್ಲಿ ಫೋನು, ಮಣಿಕಟ್ಟಿನಲ್ಲಿ ಗುಲಾಬಿ ಬಣ್ಣದ ಪುಟ್ಟ ಹೇರ್‌ಬ್ಯಾಂಡು.

“ಅದು ಯಾರದು?” ಎಂದಳು ಅವಳು.

“ನನ್ನ ಮಗಳದ್ದು. ಡಬ್ಬೀಲಿ ಇಟ್ಟು ಬಾ, ನಂಗೇನಾದ್ರೂ ತಗೊಂಡು ಬಾ ಅಂತ ಅಪ್ಪಣೆ ಆಗಿದೆ!”

ಹೇರ್‌ಬ್ಯಾಂಡಿಗೆ ಒಂದು ಕೂದಲು ಸುತ್ತಿಕೊಂಡಿತ್ತು. ನವಿರಾದದ್ದು, ಎಳೆಯದು. ಅದನ್ನು ಇಲ್ಲೇ ಬಿಟ್ಟು ಹೋಗಿ ಅನ್ನಬೇಕು. ಅಷ್ಟೇ ಮಾತು. ನಾಲಿಗೆಯ ತುದಿಗೆ ಬಂದಿತ್ತು.

ಕೋಟಿನ ಜೇಬಿನೊಳಗೆ, ಇಲ್ಲದ ಬೆರಳೊಂದು ಮಿಡುಕಿತು.

ಅವಳು ಎಡಗೈಯಿಂದ ಬೂಟುಗಳನ್ನು ಒಂದೊಂದಾಗಿ ಎತ್ತಿ ಕಟ್ಟೆಯ ಮೇಲಿಟ್ಟಳು.

“ಡಬ್ಬಿ ಹುಡುಕಿ, ತೆಗೆದು ನೋಡಿ,” ಎಂದಳು. “ಒಳಗಿರೋ ಕೈ ಮಾತ್ರ ತಗೋಬೇಡಿ.”

ಅವನು ಜೋರಾಗಿ ನಕ್ಕ.